ರೇಡಿಯೇಟರ್ ಮೇಲೆ ಬಡಿದ ರೊಟ್ಟಿ

ಕೋವಿಡ್ ಗದ್ದಲ ಅಡಗಿದ ಮರುವರ್ಷದ ಚಳಿಗಾಲ. ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಸಿಗುವ ಒಂದು ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ನಾನು ಸೈಕಿಯಾಟ್ರಿಸ್ಟ್ ಆಗಿದ್ದೆ. ನಿವೃತ್ತಿ ಹತ್ತಿರದಲ್ಲಿತ್ತು. ಹುಟ್ಟಿದ್ದು ಇಳಕಲ್ ಕಡೆ, ಓದಿದ್ದು ಹುಬ್ಬಳ್ಳಿಯಲ್ಲಿ, ಹೊಟ್ಟೆ ಹೊರೆದದ್ದು ಮಿಶಿಗನ್‌ನಲ್ಲಿ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ರೋಗಿಗಳ ಹೆಸರನ್ನೂ ಬದಲಿಸಿದ್ದೇನೆ. ಉಳಿದದ್ದು ನಡೆದ ಹಾಗೆಯೇ ಇದೆ. ಬಣ್ಣ ಕಟ್ಟಿ ಹೇಳುವ ವಿದ್ಯೆ ನನಗೆ ಮೊದಲಿನಿಂದಲೂ ಒಲಿದಿಲ್ಲ.

ಕಟ್ಟಡದ ಬಗ್ಗೆ ಎರಡು ಮಾತು ಹೇಳಲೇಬೇಕು, ಅದನ್ನು ಬಿಟ್ಟರೆ ಈ ಕೇಸು ಅರ್ಥವಾಗುವುದಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ 'ಅಸೈಲಮ್' ಎಂದು ಕಟ್ಟಿಸಿದ್ದು. ಕೆಂಪು ಇಟ್ಟಿಗೆ, ನಡುವೆ ಗೋಪುರ, ಎರಡೂ ಕಡೆ ಉದ್ದುದ್ದ ಚಾಚಿಕೊಂಡ ರೆಕ್ಕೆಗಳು. ಒಂದು ರೆಕ್ಕೆ ಗಂಡಸರಿಗೆ, ಇನ್ನೊಂದು ಹೆಂಗಸರಿಗೆ. ಆ ಕಾಲದಲ್ಲಿ ಒಳಗೆ ಬಂದವರು ಎದುರು ರೆಕ್ಕೆಯವರ ಮುಖ ನೋಡದೆಯೇ ಮುದುಕರಾಗಿ ಸತ್ತದ್ದುಂಟು. ಹಿಂದುಗಡೆ ಅವರದೇ ಸ್ಮಶಾನ. ಅಲ್ಲಿನ ಕಲ್ಲುಗಳ ಮೇಲೆ ಹೆಸರಿಲ್ಲ, ಬರೀ ನಂಬರ್. ನನ್ನ ಆಫೀಸಿನ ಕಿಟಕಿ ನೇರ ಅದರ ಕಡೆಗೇ. "ಡಾಕ್ಟರಿಗೆ ಭಾರಿ ವ್ಯೂ ಕೊಟ್ಟಿದ್ದೀರಿ" ಎಂದು ನಾನು ಚೇಷ್ಟೆ ಮಾಡಿದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ.

ನಾನಿದ್ದ ಹೊತ್ತಿಗೆ ಎರಡೂ ರೆಕ್ಕೆಗಳ ಬಹುಪಾಲು ಕೋಣೆಗಳಿಗೆ ಬೀಗ ಬಿದ್ದಿತ್ತು. ರಸ್ತೆಯಾಚೆ ಹೊಸ ಕಟ್ಟಡ ಏಳುತ್ತಿತ್ತು. ಅದು ಮುಗಿಯುವವರೆಗೆ ಉಳಿದ ಕೋಣೆಗಳಲ್ಲೇ ಬದುಕಬೇಕು. ಗಂಡಸರ ವಾರ್ಡ್ ಅವರ ರೆಕ್ಕೆಯ ಕೆಳಮಹಡಿಯಲ್ಲಿ. ಮೇಲಿನ ಮಹಡಿ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಆ ಶರತ್ಕಾಲದಲ್ಲಿ ಹೆಂಗಸರ ಕಡೆಯ ಮಾಳಿಗೆ ಸೋರಲು ಶುರುವಾಗಿ, ಅವರನ್ನು ಹೊರಗಿನ ಮೆಟ್ಟಿಲಿನಿಂದ ಹತ್ತಿಸಿ ಈ ಖಾಲಿ ಮಹಡಿಗೆ ತಂದರು. ಕೆಳಗಿನ ಗಂಡಸರಿಗೆ ಯಾರೂ ಇದನ್ನು ಹೇಳಲಿಲ್ಲ. ಹೇಳಬೇಕೆಂಬ ನಿಯಮ ಇರಲಿಲ್ಲ. ಕೋಣೆ ಬೆಚ್ಚಗಿಡಲು ನೆಲಮಾಳಿಗೆಯಿಂದ ಕಬ್ಬಿಣದ ಪೈಪುಗಳಲ್ಲಿ ಹಬೆ ಬರುತ್ತಿತ್ತು. ಕೆಳಗಿನ ಕೋಣೆಯ ರೇಡಿಯೇಟರಿಗೆ ಬಂದ ಪೈಪೇ ನೆಟ್ಟಗೆ ಮೇಲಿನ ಕೋಣೆಯ ರೇಡಿಯೇಟರಿಗೂ ಹೋಗುತ್ತಿತ್ತು. ಇಷ್ಟು ತಿಳಿದಿದ್ದರೆ ಸಾಕು.

ಎರಡೂ ವಾರ್ಡ್ ನೋಡಿಕೊಳ್ಳುತ್ತಿದ್ದ ಡಾಕ್ಟರು ಕೆಲಸ ಬಿಟ್ಟು ಹೋದದ್ದರಿಂದ ಅವೆರಡೂ ನನ್ನ ತಲೆಗೆ ಬಂದವು. ಮೇಲಿನ ವಾರ್ಡಿನಲ್ಲಿ ನನಗಾಗಿ ಕಾದಿದ್ದವರು ಶಾಂತವ್ವ.

ಗದಗದ ಕಡೆಯವರು, ಐವತ್ತು ದಾಟಿದ ಹೆಣ್ಣುಮಗಳು. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಂದೆತಾಯಿ ಇಲ್ಲದ ತಮ್ಮನನ್ನು ತಾವೇ ಸಾಕಿ ಓದಿಸಿದವರು. ಆ ತಮ್ಮ ಮಹಾಂತೇಶ ಡಿಯರ್‌ಬಾರ್ನ್‌ನಲ್ಲಿ ಕಾರು ಕಂಪನಿಯ ಎಂಜಿನಿಯರ್. ಅಕ್ಕನನ್ನು ಕರೆಸಿಕೊಂಡು ಬಹಳ ವರ್ಷವಾಗಿತ್ತು. ಅವನ ಅಡುಗೆಮನೆಗೆ ಬೆಂಕಿ ಹತ್ತಿದ ದಿನ ಆಸ್ಪತ್ರೆಗೆ ತಂದಾಗಿನಿಂದ ಆಕೆ ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ದಿನವಿಡೀ ಕುರ್ಚಿಯ ಮೇಲೆ ಕೂರಿಸಿದ ಹಾಗೇ ಕೂತಿರುತ್ತಿದ್ದರು. ಎಚ್ಚರವಿದ್ದೂ ಮಾತು, ಚಲನೆ, ಊಟ ಎಲ್ಲ ನಿಂತುಹೋಗುವ ಈ ಸ್ಥಿತಿಗೆ ಕ್ಯಾಟಟೋನಿಯಾ ಎನ್ನುತ್ತೇವೆ. ನನಗಿಂತ ಮೊದಲು ಇದ್ದವರು ಪುಣ್ಯ ಕಟ್ಟಿಕೊಳ್ಳಲು ಒಬ್ಬ ಹಿಂದಿ ದುಭಾಷಿಯನ್ನು ತಂದು ಕೂರಿಸಿದ್ದರಂತೆ! ನಾನು ನಮ್ಮ ಕಡೆಯ ಮಾತಿನಲ್ಲೇ "ಶಾಂತವ್ವಾರ, ನಾನೂ ಇಳಕಲ್ ಕಡ್ಯಾಕಿರಿ" ಅಂದೆ. ರೆಪ್ಪೆ ಸಹ ಅಲುಗಲಿಲ್ಲ.

ಭಯವಿದ್ದದ್ದು ಊಟದ್ದು. ಬೆಳಿಗ್ಗೆ ನರ್ಸ್ ಬಾಯಿಗೆ ಹಿಡಿದರೆ ಒಂದು ಲೋಟ ಪೌಷ್ಟಿಕ ಹಾಲು. ಆಮೇಲೆ ಏನೂ ಇಲ್ಲ. ತುಟಿ ಬಿಗಿದು ಮುಖ ತಿರುಗಿಸುತ್ತಿದ್ದರು. ತೂಕ ಇಳಿಯುತ್ತಲೇ ಇತ್ತು, ಹೃದಯ ದುರ್ಬಲವಾಗಿತ್ತು. ಲೊರಾಜೆಪಾಮ್ ಎಂಬ ಔಷಧಿಗೆ ಸ್ವಲ್ಪ ಮಟ್ಟಿಗಷ್ಟೇ ಸ್ಪಂದಿಸಿದ್ದರು. ಇಸಿಟಿ, ಅಂದರೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ, ಸಿನಿಮಾದವರು ತೋರಿಸುವಂಥ ರಾಕ್ಷಸಿ ಕ್ರಿಯೆಯಲ್ಲ. ಈ ರೋಗಕ್ಕೆ ಒಳ್ಳೆಯ ಮದ್ದು. ಆದರೆ ಆ ಹೃದಯಕ್ಕೆ ಅರಿವಳಿಕೆ ಕೊಡಲು ಅನಸ್ತೇಶಿಯಾದವರು ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ: ಕೋರ್ಟಿನ ಅನುಮತಿ ಪಡೆದು, ಕೈ ಕಟ್ಟಿ, ಮೂಗಿನಿಂದ ಹೊಟ್ಟೆಗೆ ಟ್ಯೂಬ್. ಅರ್ಜಿ ಹೋಗಿತ್ತು. ಹಾಗೆ ಕಟ್ಟಿಹಾಕಿದ ರೋಗಿಗಳು ಎಷ್ಟು ಬೇಗ ಕುಸಿಯುತ್ತಾರೆಂದು ನಾನು ನೋಡಿದ್ದೆ. ಈ ಹೆಣ್ಣುಮಗಳು ನನ್ನ ಕೈಯಲ್ಲೇ ಹೋಗುತ್ತಾಳೆ ಎಂದು ಒಳಗೊಳಗೇ ಅನ್ನಿಸತೊಡಗಿತ್ತು.

ನರ್ಸ್‌ಗಳು ಇನ್ನೊಂದು ಮಾತು ಹೇಳಿದ್ದರು. ಸಂಜೆಯಾದರೆ ಈಕೆ ಕುರ್ಚಿಯಿಂದಿಳಿದು ನೆಲದ ಮೇಲೆ ಕೂತು, ರೇಡಿಯೇಟರಿನ ತಗಡಿನ ಮುಚ್ಚಳದ ಮೇಲೆ ಅಂಗೈ ಬಡಿಯುತ್ತಾರೆ, ಬೆವರು ಕಿತ್ತು ಬರುವವರೆಗೆ. ಅರ್ಥವಿಲ್ಲದೆ ಒಂದೇ ಚಲನೆ ಮಾಡುತ್ತಿರುವುದು ಈ ರೋಗದ ಲಕ್ಷಣಗಳಲ್ಲಿ ಒಂದು. ನನ್ನ ರೌಂಡ್ಸ್ ಬೆಳಿಗ್ಗೆ, ಕಣ್ಣಿಂದ ನೋಡಿರಲಿಲ್ಲ.

ಕೆಳಗಿನ ವಾರ್ಡಿನ ತಲೆನೋವು ರೇ. ಎಪ್ಪತ್ತರ ಆಸುಪಾಸಿನ ಆಜಾನುಬಾಹು. ಹರೆಯದಲ್ಲಿ ಕಾರು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮೇಲೆ ದುಡಿದವನು. ಆಗಲೇ ತಲೆಯೊಳಗೆ ಧ್ವನಿಗಳು ಶುರುವಾಗಿ ಇಲ್ಲಿಗೆ ಬಂದವನು, ಇಲ್ಲೇ ಉಳಿದ. ವರ್ಷಗಳಿಂದ ತಣ್ಣಗಿದ್ದವನು ಆ ಚಳಿಗಾಲ ಕೆಟ್ಟ. ಗೋಡೆಯೊಳಗೆ ಒಬ್ಬ ಹೆಂಗಸು ಸಿಕ್ಕಿಕೊಂಡಿದ್ದಾಳೆ, ದಿನಾ ಸಂಜೆ ಬಡಿಯುತ್ತಾಳೆ ಎನ್ನುತ್ತಿದ್ದ. ಹಿಂದಿದ್ದ ಡಾಕ್ಟರು ಭ್ರಮೆ ಎಂದು ಡೋಸ್ ಏರಿಸಿದರು. ಜೊಲ್ಲು ಸುರಿಯಿತು, ಕೈ ನಡುಗಿತು, ಬಡಿತ ಮಾತ್ರ ನಿಲ್ಲಲಿಲ್ಲ. ಒಂದು ದಿನ ಮಂಚದ ಕಾಲು ಕಿತ್ತು ಗೋಡೆಯ ಗಾರೆ ಒಡೆದ. ಆಮೇಲೆ ಅವನನ್ನು ಅಪಾಯಕಾರಿ ರೋಗಿಗಳ ಹೈ-ಸೆಕ್ಯುರಿಟಿ ಆಸ್ಪತ್ರೆಗೆ ಕಳಿಸುವ ಮಾತು ಎದ್ದಿತು.

ಹೊಸ ಡಾಕ್ಟರ್ ಅಂತ ನಾನು ಅವನ ಕೋಣೆಗೆ ಹೋಗಿ ಕೂತದ್ದು ಸಂಜೆ ಐದರ ಹೊತ್ತಿಗೆ. ಜನವರಿ, ಹೊರಗೆ ಆಗಲೇ ಕತ್ತಲು, ಸೊನ್ನೆ ಫ್ಯಾರನ್‌ಹೀಟ್‌ನ, ನಮ್ಮ ಲೆಕ್ಕದ ಮೈನಸ್ ಹದಿನೆಂಟರ ಚಳಿ. ಕೋಣೆಯಲ್ಲಿ ಒಡೆದ ಗಾರೆಯ ವಾಸನೆ. ಅವನು ಇಂಗ್ಲಿಷಿನಲ್ಲಿ ಆಡಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಡಾಕ್, ನೀನೂ ನನಗೆ ಹುಚ್ಚು ಅಂತ ಹೇಳೋಕೆ ಬಂದ್ಯಾ?"

"ಅದು ಇಲ್ಲಿ ಎಲ್ಲರಿಗೂ ಗೊತ್ತಿರೋದೇ ಅಲ್ವ ರೇ? ನಾನು ಕೇಳಿಸ್ಕೊಳ್ಳೋಕೆ ಬಂದೆ."

ಅವನು ನಗಲಿಲ್ಲ. ಬೆರಳು ತುಟಿಗಿಟ್ಟು, ಪೈಪಿಗೆ ಕಿವಿ ಕೊಟ್ಟ.

ಬಂತು. ಮೊದಲು ಪೈಪಿನದೇ ಸದ್ದು ಅಂದುಕೊಂಡೆ. ಹಳೆಯ ಪೈಪುಗಳು ಹಬೆಗೆ ಕಟಕಟ ಅನ್ನುತ್ತವೆ, ಸಿಬ್ಬಂದಿಯೆಲ್ಲ ಹಾಗೆಂದೇ ತಿಳಿದಿದ್ದರು. ಆದರೆ ಇದು ಕಬ್ಬಿಣದ ಸದ್ದಲ್ಲ, ಅಂಗೈಯದು. ಮೊದಲು ನಿಧಾನಕ್ಕೆ ಪಟ್, ಪಟ್. ಆಮೇಲೆ ಪಟಪಟಪಟ. ನಡುವೆ ತುಸು ಬಿಡುವು. ಮತ್ತೆ ಪಟಪಟ, ಈ ಸಲ ಅಂಚಿನ ಸುತ್ತ ಸುತ್ತಿಕೊಂಡು ಬರುವ ಹಾಗೆ. ನನ್ನ ಮೈಮೇಲೆ ಮುಳ್ಳೆದ್ದವು. ಸದ್ದು ಏನೆಂದು ತಲೆಗೆ ಹೊಳೆಯುವ ಮೊದಲೇ ಹೊಟ್ಟೆಗೆ ಗೊತ್ತಾಗಿತ್ತು, ಬಾಯಲ್ಲಿ ನೀರೂರಿತು. ಹುಚ್ಚರ ಜೊತೆ ಇದ್ದೂ ಇದ್ದೂ ನನಗೂ ಹತ್ತಿತೇ ಶಿವನೇ ಅಂದುಕೊಂಡೆ.

ಸದ್ದು ನಿಂತಿತು. ರೇ ಜೇಬಿನಿಂದ ಪ್ಲಾಸ್ಟಿಕ್ ಚಮಚ ತೆಗೆದು ಪೈಪಿಗೆ ಎರಡು ಏಟು ಕೊಟ್ಟ: ಟಕ್, ಟಕ್. ಒಂದು ಉಸಿರಿನಷ್ಟು ಮೌನ. ಆಮೇಲೆ ಮತ್ತೆ ಮೊದಲಿನಿಂದ ಪಟ್, ಪಟ್, ಪಟಪಟಪಟ.

"ನೋಡಿದ್ಯಾ? ಬದುಕಿದಾಳೆ" ಅಂದ. ಕಣ್ಣಲ್ಲಿ ನೀರು ತುಂಬಿತ್ತು.

ನಾನು ಎದ್ದವಳೇ ಹೊರಗಿನ ಮೆಟ್ಟಿಲು ಹತ್ತಿ ಓಡಿದೆ. ನನ್ನ ಮುದಿ ಮೊಣಕಾಲಿನಲ್ಲಿ ಹಾಗೆ ಓಡಿದ್ದು ಅದೇ ಕೊನೆ. ರೇಯ ಕೋಣೆಯ ನೆತ್ತಿಯ ಮೇಲಿದ್ದದ್ದು ಶಾಂತವ್ವನ ಕೋಣೆ. ಬಾಗಿಲು ತೆರೆದರೆ, ಆಕೆ ನೆಲದ ಮೇಲೆ ಒಂದು ಕಾಲು ಮಡಚಿ ಇನ್ನೊಂದು ಚಾಚಿ ಕೂತು ರೊಟ್ಟಿ ಬಡಿಯುತ್ತಿದ್ದರು. ಇಲ್ಲದ ಹಿಟ್ಟು ಉದುರಿಸಿ, ಇಲ್ಲದ ಉಂಡೆ ತಟ್ಟಿ, ಬೆಚ್ಚನೆಯ ತಗಡಿನ ಮೇಲೆ ಅಂಗೈಯಲ್ಲಿ ತಿರುಗಿಸುತ್ತ ತಿರುಗಿಸುತ್ತ ಬಡಿದು, ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಹಾಕಿ, ಕಿವಿಗೊಟ್ಟು ಕಾದರು. ಪೈಪಿನಿಂದ ಟಕ್ ಟಕ್ ಬಂತು. ತಲೆಯಾಡಿಸಿ ಇನ್ನೊಂದು ಉಂಡೆ ತೆಗೆದುಕೊಂಡರು. ಅಂಗೈ ಕೆಂಪಗೆ ಬಾತು ಚರ್ಮ ಸುಲಿದಿತ್ತು. ನಮ್ಮವ್ವ ಸಾಯುವತನಕ ನನ್ನನ್ನು "ರೊಟ್ಟಿ ಬಡ್ಯಾಕ ಬರದ ಡಾಕ್ಟರು" ಎಂದು ಹಂಗಿಸಿದ್ದಳು. ಬಡಿಯಲು ಬರದಿದ್ದರೇನಾಯಿತು, ಆ ಸದ್ದು ಕೇಳಿಯೇ ಬೆಳೆದವಳು ನಾನು.

ಅಂದೇ ಮಹಾಂತೇಶನಿಗೆ ಫೋನ್ ಮಾಡಿದೆ. ಅಕ್ಕ ಮನೆಯಲ್ಲಿ ಹೇಗೆ ಊಟ ಮಾಡುತ್ತಿದ್ದರು ಎಂದು ಕೇಳಿದೆ. ಅವನಿಗೆ ಪ್ರಶ್ನೆ ವಿಚಿತ್ರ ಅನ್ನಿಸಿರಬೇಕು.

"ಅಕ್ಕ ನಮಗಿಂತ ಮೊದಲ ಎಂದೂ ಉಂಡಾಕಿ ಅಲ್ರಿ ಮೇಡಂ. ರೊಟ್ಟಿ ಬಡ್ಯಾಕ ಕುಂತ್ರ ಎಲ್ಲಾರೂ ಸಾಕು ಅನ್ನೂತನಕ ಏಳ್ತಿರಲಿಲ್ಲ. ಕಡೀಕ ತಾ ಉಣ್ಣಾಕಿ."

"ಮತ್ತ ಆವತ್ತ ಬೆಂಕಿ ಹತ್ತಿದ್ದು ಹೆಂಗ?"

"ಹುಡುಗ್ರು ಕಾಲೇಜಿಗೆ ಹ್ವಾದ್ರು. ನಾನೂ ನನ್ನ ಹೆಂಡ್ತಿ ಕವಿತಾನೂ ಒಬ್ಬೊಬ್ರು ಒಂದೊಂದ್ ಟೈಮಿಗೆ ಬರ್ತಿದ್ವಿ, ಹೊರಗ ತಿಂದ ಬರ್ತಿದ್ವಿ. ಆಕಿ ಕಾಯ್ಕೋತ ಕೂಡಾಕಿ. ಆವತ್ತ ಒಲಿ ಮುಂದ ಕೈ ಒರಸೋ ಅರಿವಿ ಹತ್ಕೊಂಡ ಉರೀಲಿಕತ್ತಿತ್ರಿ, ಸ್ಮೋಕ್ ಅಲಾರ್ಮ್ ಹೊಡ್ಕೊಳ್ಳಿಕತ್ತಿತ್ತು, ಆಕಿ ಎದ್ದಿಲ್ಲ. 'ಇನ್ನೂ ಯಾರೂ ಉಂಡಿಲ್ಲ' ಅಂದ್ಲು. ಅದ ಆಕಿ ಕಡೀ ಮಾತು ರೀ." ಅಷ್ಟು ಹೇಳಿ ಗಂಡಸು ಬಿಕ್ಕಿದ.

ಇಡೀ ಟೀಮು ಆಕೆ ಊಟ ಬೇಡ ಅನ್ನುತ್ತಿದ್ದಾಳೆ ಎಂದು ತಿಳಿದಿತ್ತು. ಆಕೆ ಬೇಡ ಅನ್ನುತ್ತಿರಲಿಲ್ಲ, ಇನ್ನೂ ತನ್ನ ಸರದಿ ಬಂದಿಲ್ಲ ಅನ್ನುತ್ತಿದ್ದಳು. ಕೆಳಗೊಬ್ಬ ಉಣ್ಣುವವನು ಕೂತಿದ್ದಾನೆ, ಇನ್ನೊಂದು ಹಾಕು ಎಂದು ತಟ್ಟೆ ಬಡಿಯುತ್ತಿದ್ದಾನೆ. ಅವನಿಗೆ ಸಾಕಾಗುವವರೆಗೆ ಈಕೆ ಹೇಗೆ ಉಂಡಾಳು?

ಹಾಗಾದರೆ ರೇ ಬಡಿಯುವುದು ನಿಲ್ಲಿಸಿದರಾಯಿತಲ್ಲ? ನಾನೂ ಹಾಗೇ ಲೆಕ್ಕ ಹಾಕಿದೆ. ಮರುದಿನ ಅವನ ಹೃದಯದ ಪರೀಕ್ಷೆಗೆಂದು ಬೇರೆ ಆಸ್ಪತ್ರೆಗೆ ಒಯ್ದಿದ್ದರು, ಸಂಜೆ ಅವನ ಕೋಣೆ ಖಾಲಿ. ನಾನು ಶಾಂತವ್ವನ ಪಕ್ಕ ಕೂತು ನೋಡಿದೆ. ಆಕೆ ಬಡಿದರು, ಕಾದರು, ಉತ್ತರವಿಲ್ಲ. ಮತ್ತೆ ಬಡಿದರು, ಇನ್ನೂ ಜೋರಾಗಿ. ಯಾರೂ ಸಾಕು ಅಂದಿಲ್ಲವಲ್ಲ! ನಮ್ಮ ಕಡೆ ಉಣ್ಣುವವರು ಸುಮ್ಮನೆ ಕೂತರೆ ಸಂಕೋಚಪಡುತ್ತಿದ್ದಾರೆ ಎಂದು ಇನ್ನೆರಡು ಹಾಕುವುದು ರೂಢಿ. ಅಂಗೈಯಿಂದ ರಕ್ತ ಬಂದು ತಗಡಿನ ಮೇಲೆ ಗುರುತು ಬಿದ್ದಿತು. ಕೈ ಹಿಡಿದು "ಸಾಕವ್ವ, ನಾ ಉಂಡೆ" ಅಂದೆ. ನನ್ನ ಕೈ ಕಿತ್ತೊಗೆದರು. ಉಂಡವಳು ನಾನಲ್ಲವೆಂದು ಆಕೆಗೆ ಗೊತ್ತಿತ್ತು.

ಇತ್ತ ರೇ ವಾಪಸಾದವನೇ, ತಾನಿಲ್ಲದ ಹೊತ್ತಿನಲ್ಲಿ ಅವಳು ಬಡಿದಳೇ ಎಂದು ಎಲ್ಲರನ್ನೂ ಕೇಳಿ ಕೂಗಾಡಿದ. ಅವನನ್ನು ಕೂರಿಸಿಕೊಂಡು, ಯಾಕಪ್ಪ ಉತ್ತರ ಕೊಡಲೇಬೇಕು ಅಂತ ಕೇಳಿದೆ.

"ನಾನು ಇಲ್ಲಿಗೆ ಬಂದಾಗ ಒಬ್ಬ ಮುದುಕ ಇದ್ದ ಡಾಕ್. ಹುಡುಗನಾಗಿದ್ದಾಗಲೇ ಒಳಗೆ ಬಂದವನು. ಅವನಿಗೆ ಅದಕ್ಕಿಂತ ಹಳಬರು ಹೇಳಿಕೊಟ್ಟಿದ್ದರಂತೆ. ಎದುರು ರೆಕ್ಕೆಯವರ ಮುಖ ನೋಡೋ ಹಾಗಿಲ್ಲ, ಕಾಗದ ಬರೆಯೋ ಹಾಗಿಲ್ಲ. ಆದರೆ ಪೈಪು ಎಲ್ಲಾ ಕಡೆ ಹೋಗುತ್ತೆ. ಯಾರಾದರೂ ಬಡಿದರೆ ನೀನು ತಿರುಗಿ ಬಡಿಯಬೇಕು. ಉತ್ತರ ಬರಲಿಲ್ಲ ಅಂದರೆ ಆ ಕಡೆಯವರು ತಾವು ಸತ್ತಿದೀವಿ ಅಂದ್ಕೋತಾರೆ. ಹಾಗಂದ್ಕೊಂಡವರೆಲ್ಲ ಹೊರಗೆ ಮಲಗಿದಾರೆ ನೋಡು." ಕಿಟಕಿಯಾಚೆ ಹಿಮದಲ್ಲಿ ಅರ್ಧ ಹೂತ ನಂಬರ್ ಕಲ್ಲುಗಳ ಕಡೆ ಕೈ ತೋರಿಸಿದ.

"ರೇ, ಅವಳು ಗೋಡೆಯೊಳಗಿಲ್ಲ. ಮೇಲಿನ ಮಹಡಿಯಲ್ಲಿದ್ದಾಳೆ."

"ಮೇಲೆ ಯಾರೂ ಇಲ್ಲ. ನಿನ್ನ ಕೂದಲು ಕಪ್ಪಗಿದ್ದಾಗಿನಿಂದ ನಾನಿಲ್ಲಿದೀನಿ. ಮೇಲೆ ಖಾಲಿ. ಡಾಕ್ಟರುಗಳು ಸಮಾಧಾನಕ್ಕೆ ಏನೇನೋ ಹೇಳ್ತೀರಿ." ಆಮೇಲೆ ದನಿ ತಗ್ಗಿಸಿ ಅಂದ: "ಸೋಮವಾರ ನಮ್ಮನ್ನು ಹೊಸ ಕಟ್ಟಡಕ್ಕೆ ಹಾಕ್ತಾರಂತೆ. ಅಲ್ಲಿ ಪೈಪಿಲ್ಲ. ಅಷ್ಟರೊಳಗೆ ನಾನು ಅವಳನ್ನು ಹೊರಗೆ ತೆಗೀತೀನಿ. ಈ ಸಲ ಮಂಚದ ಕಾಲಿನಿಂದ ಅಲ್ಲ."

ಅವನು ಬೆದರಿಸುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಬದುಕಿಸಲು ಹೊರಟಿದ್ದರು, ಇಬ್ಬರೂ ಅದರಿಂದಲೇ ಸಾಯುವ ಹಾಗಿತ್ತು. ಸೋಮವಾರ ಅವನು ಹೋದರೆ ಶಾಂತವ್ವನಿಗೆ ಸಾಕು ಅನ್ನುವವರೇ ಇರುವುದಿಲ್ಲ. ಆಮೇಲೆ ಟ್ಯೂಬು, ಆಮೇಲೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನರ್ಸಿಂಗ್ ಡೈರೆಕ್ಟರ್ ಲಿಂಡಾಳ ಆಫೀಸಿಗೆ ಹೋದೆ. ಕಟ್ಟುನಿಟ್ಟಿನ ಹೆಂಗಸು, ಕೆಟ್ಟವಳಲ್ಲ. ಗಂಡಸರ ವಾರ್ಡಿನವರನ್ನು ಹೆಂಗಸರ ವಾರ್ಡಿಗೆ ಬಿಡುವಂತಿಲ್ಲ. ರೋಗಿಗಳು ಒಬ್ಬರ ತಟ್ಟೆಯದು ಇನ್ನೊಬ್ಬರು ತಿನ್ನುವಂತಿಲ್ಲ. ಹೊರಗಿನ ಅಡುಗೆ ಒಳಗೆ ತರುವಂತಿಲ್ಲ. ನಾನು ಕೇಳಿದ್ದು ಮೂರನ್ನೂ ಒಟ್ಟಿಗೇ, ಅದೂ ಗೋಡೆ ಒಡೆದವನಿಗಾಗಿ.

"ಅವನು ಅವಳ ಕತ್ತು ಹಿಸುಕಿದರೆ?" ಅಂದಳು.

"ಹಿಸುಕದಿದ್ದರೂ ಅವಳು ಸಾಯ್ತಾಳೆ ಲಿಂಡಾ. ನಿಧಾನಕ್ಕೆ ಅಷ್ಟೇ. ನಿಯಮದ ಪ್ರಕಾರ."

ಆ ಮಾತು ಅಷ್ಟು ಖಾರವಾಗಿ ಆಡಬಾರದಿತ್ತೇನೋ. ಆಡಿದೆ. ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ನಾನೂ ಅಲ್ಲಿರ್ತೀನಿ. ಸೀಲ್ ಇರೋ ಪ್ಯಾಕೆಟ್ ಮಾತ್ರ" ಅಂದಳು.

ಸೀಲ್ ಇರುವ ರೊಟ್ಟಿ! ದೇವರು ದೊಡ್ಡವನು, ಇಂಡಿಯನ್ ಸ್ಟೋರ್‌ಗಳಲ್ಲಿ ಒಣಗಿಸಿ ಗರಿಗರಿ ಮಾಡಿದ ಜೋಳದ ಕಟಕ ರೊಟ್ಟಿಯ ಪ್ಯಾಕೆಟ್‌ಗಳು ಸಿಗುತ್ತವೆ. ಮಹಾಂತೇಶ ಕೆಲಸಕ್ಕೆ ರಜೆ ಹಾಕಿ ಅಂಗಡಿ ಅಂಗಡಿ ತಿರುಗಿ ತಂದ. ಒಳಗೆ ಬರುತ್ತೇನೆಂದ. ಬೇಡ ಅಂದೆ. ಇವನನ್ನು ಕಂಡು ಆಕೆ ಇವನಿಗೇ ರೊಟ್ಟಿ ಬಡಿಯಲು ಕೂತರೆ ಕೆಳಗಿನವನ ಲೆಕ್ಕ ಬಾಕಿ ಉಳಿಯುತ್ತದೆ. ಪಾಪ, ಕಾರಿನಲ್ಲೇ ಕೂತ.

ಭಾನುವಾರ ಸಂಜೆ ರೇಯನ್ನು ಹೊರಗಿನ ಮೆಟ್ಟಿಲಿನಿಂದ ಹತ್ತಿಸಿದೆವು. ಎರಡೂ ಕಡೆ ಒಬ್ಬೊಬ್ಬ ಅಟೆಂಡರ್. ಶರ್ಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡಿದ್ದ. ಅರ್ಧ ಮೆಟ್ಟಿಲಲ್ಲಿ ನಿಂತುಬಿಟ್ಟ. ಮೇಲಿನಿಂದ ಸದ್ದು ಕೇಳುತ್ತಿತ್ತು: ಪಟ್, ಪಟ್, ಪಟಪಟಪಟ. ಅವನ ಮುಖದ ಬಣ್ಣ ಇಳಿಯಿತು. ಅಟೆಂಡರ್‌ಗಳು ಅವನ ತೋಳು ಬಿಗಿಹಿಡಿದರು. ಹಿಂದೆ ಲಿಂಡಾಳ ಕೈ ಎದೆಯ ಮೇಲಿನ ಅಲಾರ್ಮ್ ಗುಂಡಿಗೆ ಹೋದದ್ದು ನೋಡಿದೆ.

"ಇದು ಗೋಡೆಯಿಂದ ಬರ್ತಿಲ್ಲ" ಅಂದ.

"ನಾನು ಹೇಳಿದ್ದೆ ತಾನೆ? ನಡಿ."

ಶಾಂತವ್ವನನ್ನು ಅಂದು ವಾರ್ಡಿನ ಹಾಲ್‌ನ ಮೇಜಿಗೆ ಕೂರಿಸಿದ್ದೆವು. ಕೈಗೆ ಬ್ಯಾಂಡೇಜ್, ಆದರೂ ಮೇಜಿನ ಹಲಗೆಯ ಮೇಲೆ ಬಡಿಯುತ್ತಲೇ ಇದ್ದರು. ರೇ ಎದುರು ಕುರ್ಚಿಯಲ್ಲಿ ಕೂತ. ಆ ಭಾರಿ ಆಳು ಸಣ್ಣ ಹುಡುಗನ ಹಾಗೆ ಕೈ ತೊಡೆಯ ಮೇಲಿಟ್ಟುಕೊಂಡಿದ್ದ. ಆಕೆ ಬಡಿದು ಮುಗಿಸಿ, ಎತ್ತಿ ಪಕ್ಕಕ್ಕೆ ಹಾಕಿ, ಕಿವಿಗೊಟ್ಟು ಕಾದರು. ರೇ ಮೇಜಿನ ಮೇಲೆ ಬೆರಳಿನಿಂದ ಎರಡು ಏಟು ಕೊಟ್ಟ. ಟಕ್, ಟಕ್.

ಶಾಂತವ್ವ ತಲೆಯೆತ್ತಿದರು. ತಿಂಗಳುಗಳಲ್ಲಿ ಮೊದಲ ಸಲ ಆಕೆಯ ಕಣ್ಣು ಒಬ್ಬ ಮನುಷ್ಯನ ಮುಖದ ಮೇಲೆ ನಿಂತಿತು.

ನಾನು ತಟ್ಟೆಗೆ ಒಂದು ಕಟಕ ರೊಟ್ಟಿ ಹಾಕಿ ರೇಯ ಮುಂದಿಟ್ಟೆ, ಪಕ್ಕದಲ್ಲಿ ಆಸ್ಪತ್ರೆಯ ಟೊಮ್ಯಾಟೊ ಸೂಪು. ಅವನಿಗೆ ಹಲ್ಲು ಕಡಿಮೆ. ಮುರಿದು, ಸೂಪಿನಲ್ಲಿ ನೆನೆಸಿ ತಿಂದ. ಆಕೆ ಬಡಿದರು, ನಾನು ಇನ್ನೊಂದು ಹಾಕಿದೆ, ಅವನು ತಿಂದ. ಆಕೆಯ ಕಣ್ಣು ಅವನ ಬಾಯಿಯಿಂದ ಕದಲಲಿಲ್ಲ. ಮೂರನೆಯದಕ್ಕೆ ಅವನ ಹಣೆಯಲ್ಲಿ ಬೆವರು ಬಂತು.

"ರೇ, ಸಾಕಾದರೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿ. ನಮ್ಮೂರಲ್ಲಿ ಹಾಗೇ ಮಾಡೋದು."

ಅವನು ಕೈ ಎತ್ತಲಿಲ್ಲ. "ನಾನು ನಿಲ್ಲಿಸಿದರೆ ಅವಳು ಸತ್ತು ಹೋದರೆ?"

"ಸಾಯಲ್ಲ. ಊಟ ಮಾಡ್ತಾಳೆ."

"ಆಣೆ ಮಾಡಿ ಹೇಳ್ತೀಯಾ ಡಾಕ್?"

ನನಗೇನು ಗೊತ್ತಿತ್ತು? ಔಷಧಿಯಾಗಿದ್ದರೆ ಇಷ್ಟು ಫಲ, ಇಷ್ಟು ಅಪಾಯ ಎಂದು ಹೇಳಬಹುದಿತ್ತು. ಇದಕ್ಕೆ ಯಾವ ಪುಸ್ತಕವೂ ಇರಲಿಲ್ಲ. ಆದರೂ ನಮ್ಮವ್ವನ ಒಲೆಯನ್ನು ನೆನೆದು "ಆಣೆ ಮಾಡ್ತೀನಿ" ಅಂದೆ.

ಅವನು ಎರಡೂ ಕೈ ಎತ್ತಿ, ತಟ್ಟೆಯ ಮೇಲೆ ಅಡ್ಡ ಹಿಡಿದು, ಕಣ್ಣು ಮುಚ್ಚಿದ.

ಶಾಂತವ್ವನ ಕೈ ಗಾಳಿಯಲ್ಲೇ ನಿಂತಿತು. ಪೈಪಿನೊಳಗೆ ಹಬೆ ಸುಯ್ ಅನ್ನುವುದು ಕೇಳುತ್ತಿತ್ತು. ಆಕೆ ಮುಂದಕ್ಕೆ ಬಾಗಿದರು. ಅಟೆಂಡರ್ ಒಂದು ಹೆಜ್ಜೆ ಮುಂದೆ ಬಂದ, ಲಿಂಡಾ ಅವನನ್ನು ತಡೆದಳು. ಆಕೆ ಬ್ಯಾಂಡೇಜಿನ ಕೈಯಿಂದ ಅವನ ಮೊಣಕೈ ತಟ್ಟಿದರು.

"ಹೊಟ್ಟಿ ತುಂಬ್ತೇನಪಾ?"

ತುಕ್ಕು ಹಿಡಿದ ಕೀಲಿನ ಹಾಗಿತ್ತು ದನಿ. ರೇ ಕಣ್ಣು ಬಿಟ್ಟು ನನ್ನ ಕಡೆ ನೋಡಿದ. ಅರ್ಥ ಹೇಳಿದೆ. "ಯೆಸ್ ಮ್ಯಾಮ್" ಎಂದು ಆಕೆಗೇ ಉತ್ತರಿಸಿದ.

ಆಕೆ ಸೆರಗು ಸರಿಮಾಡಿಕೊಂಡರು. ಮೈಮೇಲೆ ಇದ್ದದ್ದು ಆಸ್ಪತ್ರೆಯ ಗೌನು, ಸೆರಗೆಲ್ಲಿ ಬರಬೇಕು? ಆದರೂ ಸರಿಮಾಡಿಕೊಂಡರು. ಪ್ಯಾಕೆಟಿನಿಂದ ಒಂದು ರೊಟ್ಟಿ ಎಳೆದುಕೊಂಡು, ಅರ್ಧ ಮುರಿದು, ಸೂಪಿನಲ್ಲಿ ಅದ್ದಿ ಬಾಯಿಗಿಟ್ಟರು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಬಂದರೆ ಲಿಂಡಾ ಅದೇ ಕೆಲಸಕ್ಕೆ ಬಾಗಿಲಲ್ಲಿ ಕಾಯುತ್ತಿದ್ದಳು.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಟ್ಯೂಬಿನ ಅರ್ಜಿ ಹಿಂದಕ್ಕೆ ಪಡೆದೆವು. ಹೆಂಗಸರ ವಾರ್ಡೂ ಬೆನ್ನಿಗೇ ಹೊಸ ಕಟ್ಟಡಕ್ಕೆ ಬಂತು, ಅಲ್ಲಿ ರಾತ್ರಿಯ ಊಟ ಇಬ್ಬರಿಗೂ ಒಂದೇ ಮೇಜಿನಲ್ಲಿ ಎಂದು ಲಿಂಡಾಳೇ ಬರೆಸಿದಳು. ಔಷಧಿಯೂ ಕೆಲಸ ಮಾಡಿತು, ಅದನ್ನು ಮರೆಮಾಚುವುದಿಲ್ಲ. ಅನ್ನ ಒಳಗೆ ಹೋದ ಮೇಲೆ ಮದ್ದು ಹತ್ತಿತು. ಹಿಮ ಕರಗುವ ಹೊತ್ತಿಗೆ ಶಾಂತವ್ವ ಮಾತಾಡುತ್ತ, ನನ್ನ ಸೊಂಟದ ಅಳತೆಯ ಬಗ್ಗೆ ಟೀಕೆ ಮಾಡುವ ಮಟ್ಟಕ್ಕೆ ಬಂದಿದ್ದರು. ರೇ ಗೋಡೆಗೆ ಕಿವಿ ಕೊಡುವುದು ಬಿಟ್ಟ. ಹೈ-ಸೆಕ್ಯುರಿಟಿಯ ಮಾತು ತಾನಾಗಿ ಸತ್ತಿತು.

ಮನೆಗೆ ಹೊರಟ ದಿನ ಶಾಂತವ್ವ ನನ್ನ ಕೈ ಹಿಡಿದರು. "ಡಾಕ್ಟರವ್ವಾರ, ಆತ ಉಂಡಾನೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕ್ರಿ?" ಒಬ್ಬ ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳಲು ಕಾನೂನು ಅಡ್ಡ ಬರುತ್ತದೆ. ರೇಯನ್ನು ಕೇಳಿ ಅವನ ಒಪ್ಪಿಗೆಯ ಸಹಿ ತೆಗೆದುಕೊಂಡೆ. ಸಹಿ ಹಾಕಿ, "ಉಂಡೆ ಅಂತ ಹೇಳು. ಮೀಟ್‌ಲೋಫ್, ಆ ಮಾಂಸದ ಮುದ್ದೆ, ದರಿದ್ರವಾಗಿತ್ತು ಅಂತಾನೂ ಹೇಳು" ಅಂದ. ಮೊದಮೊದಲು ಫೋನು ದಿನಾ ಬರುತ್ತಿತ್ತು, ಆಮೇಲೆ ಶುಕ್ರವಾರಕ್ಕೊಮ್ಮೆ, ಸಂಜೆ ನಾನು ಮನೆಗೆ ಹೊರಡುವ ಮುಂಚೆ. "ಉಂಡಾನೇನ್ರಿ?" "ಉಂಡಾನ್ರಿ." ಅಷ್ಟೇ ಮಾತು. ಅದಾದ ಮೇಲೆಯೇ ಆಕೆ ತಟ್ಟೆಗೆ ಕೂರುವುದು ಎಂದು ಮಹಾಂತೇಶ ಹೇಳಿದ್ದ. ಈಗ ಅವನೂ ಕವಿತಾಳೂ ಶುಕ್ರವಾರ ತಪ್ಪದೆ ಹೊತ್ತಿಗೆ ಮನೆ ಸೇರುತ್ತಿದ್ದರು.

ಮುಂದಿನ ಚಳಿಗಾಲ, ಒಂದು ಗುರುವಾರ ಮಧ್ಯಾಹ್ನ, ರೇ ಊಟದ ಮೇಜಿನಲ್ಲೇ ಹೋದ. ಹೃದಯ ನಿಂತಿತ್ತು. ತಟ್ಟೆ ಖಾಲಿಯಾಗಿತ್ತು. ಇನ್ನೊಂದು ತುಂಡು ಬ್ರೆಡ್ ಹಾಕಲು ಬಂದ ಅಟೆಂಡರಿಗೆ ಅವನು ಎರಡೂ ಕೈ ಅಡ್ಡ ಹಿಡಿದನಂತೆ, ನಕ್ಕನಂತೆ, ತಲೆ ವಾಲಿತಂತೆ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಹೆಸರು ಬರೆಸುವ ಕೆಲಸ ಲಿಂಡಾ ತಾನೇ ವಹಿಸಿಕೊಂಡಳು.

ಶುಕ್ರವಾರ ಬಂತು. ಮಹಾಂತೇಶನಿಗೆ ಮೊದಲೇ ಫೋನ್ ಮಾಡಿ ತಿಳಿಸಿದೆ, ಅಕ್ಕನಿಗೆ ಹೇಳೋಣವೇ ಎಂದರೆ, "ಬ್ಯಾಡ್ರಿ ಮೇಡಂ, ಆಕಿ ಮತ್ತ ಒಲಿ ಮುಂದ ಕುಂತಬಿಟ್ರ?" ಎಂದು ನಡುಗಿದ. ಹೇಳಿದರೆ ಆಕೆ ಉಣ್ಣುವುದು ಬಿಟ್ಟರೆ? ಹೇಳದೆ ಪ್ರತಿ ಶುಕ್ರವಾರ ಉಂಡಾನ ಉಂಡಾನ ಎಂದು ಎಷ್ಟು ದಿನ ಸುಳ್ಳು ಹೇಳಲಿ? ಹೊರಗೆ ಹಳೆಯ ಕಟ್ಟಡ ಕತ್ತಲಲ್ಲಿ ನಿಂತಿತ್ತು. ಹಬೆ ನಿಲ್ಲಿಸಿ ಆಗಲೇ ತಿಂಗಳುಗಳಾಗಿದ್ದವು. ಫೋನು ಹೊಡೆದುಕೊಂಡಿತು.

"ಡಾಕ್ಟರವ್ವಾರ, ಆತ ಉಂಡಾನೇನ್ರಿ?"

"ಉಂಡಾನ್ರಿ ಶಾಂತವ್ವಾರ. ಹೊಟ್ಟಿ ತುಂಬ ಉಂಡು, ಸಾಕು ಅಂತ ತಾಟಿನ ಮ್ಯಾಲ ಎರಡೂ ಕೈ ಅಡ್ಡ ಹಿಡದ."

ಮಹಾಂತೇಶ ಆಕೆಯ ಪಕ್ಕದಲ್ಲೇ ನಿಂತದ್ದು ಅವನ ಉಸಿರಿನ ಸದ್ದಿನಿಂದ ನನಗೆ ಗೊತ್ತಾಗುತ್ತಿತ್ತು.

"ಉಪಾಸ ಹೋಗಲಿಲ್ಲಲ್ರಿ" ಅಂದರು ಶಾಂತವ್ವ. "ಉಂಡು ಹ್ವಾದ. ಅಷ್ಟ ಸಾಕು."

ಹೋದ ಎಂದು ನಾನು ಹೇಳಿರಲೇ ಇಲ್ಲ. ಫೋನು ಕೆಳಗಿಡುವ ಮುನ್ನ ಆ ಕಡೆ ತಾಟು ಎಳೆದುಕೊಂಡ ಸದ್ದು, ಆಮೇಲೆ ಕಟಕ ರೊಟ್ಟಿ ಮುರಿದ ಸದ್ದು ಕೇಳಿತು.

ಇಷ್ಟು ವರ್ಷದ ಡಾಕ್ಟರಿಕೆಯಲ್ಲಿ ನನ್ನ ಮನಸ್ಸಿಗೆ ಹತ್ತಿದ ಪಾಠ ಇದೊಂದೇ. ರೋಗಿ ಉಣ್ಣುತ್ತಿಲ್ಲ ಎಂದರೆ, ಈಕೆ ಯಾಕೆ ಉಣ್ಣುತ್ತಿಲ್ಲ ಎಂದು ಕೇಳುವ ಮೊದಲು, ಇನ್ನೂ ಯಾರು ಉಂಡಿಲ್ಲ ಎಂದು ಕೇಳಬೇಕು. ಹೊಸ ಹುಡುಗ ಡಾಕ್ಟರುಗಳು ಸಿಕ್ಕರೆ ಇದನ್ನೇ ಹೇಳುತ್ತೇನೆ. ಅವರು ನಗುತ್ತಾರೆ, ನಗಲಿ.